ಕೇಳುವ ಮುನ್ನ ಒಂದು ಗಳಿಗೆ

ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ವಿದ್ಯಾರ್ಥಿಯೊಬ್ಬರು ಕೇಳಿದ್ದು ಇಷ್ಟೇ: ಪದವಿ ಪ್ರಮಾಣಪತ್ರದಲ್ಲಿ ಹೆಸರಿನ ಹಿಂದೆ ‘ಮಿಸ್’ ಬೇಡ, ಹೆಣ್ಣೋ ಗಂಡೋ ಎಂದು ಹೇಳದ ‘ಮಿಕ್ಸ್’ ಇರಲಿ. ವಿಶ್ವವಿದ್ಯಾಲಯ ಒಪ್ಪಿತು. 2022ರಲ್ಲಿ ಅಲ್ಲಿಯೇ ಹಾಸ್ಟೆಲಿನ ಒಂದು ಮಹಡಿ ಲೈಂಗಿಕ ಅಲ್ಪಸಂಖ್ಯಾತರಿಗೆ ಮೀಸಲಾಯಿತು.

ಹಾದಿ ಎಲ್ಲೆಡೆ ಇಷ್ಟು ಸಲೀಸಲ್ಲ.

ಬಾಂಬೆ ಐಐಟಿಯಲ್ಲಿ 2011ರಲ್ಲಿ ಲೈಂಗಿಕ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ‘ಸಾಥಿ’ ಬಳಗ ಕಟ್ಟಿಕೊಂಡವರ ತಲೆಯ ಮೇಲೆ 2013ರಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಸೆಕ್ಷನ್ 377 ಮತ್ತೆ ತೂಗಿತು. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೂ ಆ ಭಯ ತಪ್ಪಲಿಲ್ಲ. ಕಾಲೇಜಿನಲ್ಲಿ ಈ ವಿಷಯದ ಚರ್ಚೆಗೆ ಹೊರಟವರು ಆ ತೀರ್ಪನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಒಪ್ಪದವರೂ ಧಾರಾಳವಾಗಿ ವಾದಿಸಲಿ. ಆದರೆ ‘ನೀನೂ ಅಂಥವನಾ?’ ಎಂದು ತರಗತಿಯೆದುರು ಯಾರನ್ನೂ ಕೇಳಬಾರದು. ನಂಬಿ ಹೇಳಿಕೊಂಡ ಗುಟ್ಟು ಮನೆಯವರಿಗೆ ತಲುಪಿದರೆ ಹಾಸ್ಟೆಲಿನ ಶುಲ್ಕವೂ ನಿಂತೀತು, ಓದೂ ನಿಂತೀತು.