ಬೂಟ್ ಆರ್ಡರ್ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನಮ್ಮ ಶಾಲೆಯ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಿನವುಗಳ ಹಾರ್ಡ್ ಡಿಸ್ಕ್ ಕೆಟ್ಟಿದೆ. ಪರಿಚಯದ ಹುಡುಗನೊಬ್ಬ ಇದ್ದುದರಲ್ಲಿ ಒಳ್ಳೆಯದೊಂದನ್ನು ಸರ್ವರ್ ಮಾಡಿ, ಉಳಿದವು ನೆಟ್‌ವರ್ಕ್‌ನಿಂದಲೇ ಲಿನಕ್ಸ್ ಓಡಿಸುವಂತೆ ಎಲ್‌ಟಿಎಸ್‌ಪಿ ಹಾಕಿಕೊಟ್ಟಿದ್ದಾನೆ. ಎಫ್12 ಒತ್ತಿ ನೆಟ್‌ವರ್ಕ್ ಆರಿಸಿದರೆ ಲಿನಕ್ಸ್ ಚೆನ್ನಾಗಿಯೇ ಬರುತ್ತದೆ. ಆದರೆ ಮಕ್ಕಳಿಗೆ ಆ ಗಳಿಗೆ ತಪ್ಪಿಹೋಗುತ್ತದೆ. ನೆಟ್‌ವರ್ಕನ್ನೇ ಖಾಯಂ ಮೊದಲಿಗಿಟ್ಟೆ. ಮರುದಿನ ಕೆಲವದರಲ್ಲಿ ಮತ್ತೆ ಹಳೇ ಕಥೆ. ಏನು ಮಾಡಲಿ?
– ಒಬ್ಬ ಶಿಕ್ಷಕರು, ಚಿಗಳ್ಳಿ, ಮುಂಡಗೋಡ ತಾಲ್ಲೂಕು

ಉತ್ತರ: ‘ಮರುದಿನ’, ‘ಕೆಲವದರಲ್ಲಿ’ ಎಂದು ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ತೊಂದರೆ ಕೊಡುವ ಯಂತ್ರಗಳ ಬಯಾಸ್ ತೆರೆದು ತಾರೀಖು ನೋಡಿ. ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದೆ ಎಂದರ್ಥ. ನಾಣ್ಯದಾಕಾರದ ಈ 3 ವೋಲ್ಟ್ ಸೆಲ್ಲೇ ಕರೆಂಟ್ ಇಲ್ಲದಾಗ ಗಡಿಯಾರವನ್ನೂ ಸೆಟ್ಟಿಂಗನ್ನೂ ಕಾಯುವುದು. ಸಂಜೆ ಮೇನ್ ಸ್ವಿಚ್ ಆರಿಸಿ ಮನೆಗೆ ಹೋದಿರೋ, ನೀವಿಟ್ಟ ಕ್ರಮ ಅಳಿಸಿ ಕಾರ್ಖಾನೆಯ ಕ್ರಮ ಬಂದು ಕೂರುತ್ತದೆ. ಹೊಸ ಯುಇಎಫ್‌ಐ ಯಂತ್ರಗಳು ಬೂಟ್ ಆರ್ಡರನ್ನು ಸಾಮಾನ್ಯವಾಗಿ ಫ್ಲ್ಯಾಶ್ ಚಿಪ್‌ನಲ್ಲಿ ಬರೆದಿಡುವುದರಿಂದ ಅವುಗಳಿಗೆ ಈ ಮರೆವು ಕಡಿಮೆ. ಪ್ಲಗ್ ಕಿತ್ತು, ಸೆಲ್ ಬದಲಿಸಿ, ತಾರೀಖು ಸರಿಪಡಿಸಿ. ಆಮೇಲೆ ಬೂಟ್ ಆರ್ಡರ್.

ಅದಕ್ಕೂ ಒಂದು ಮೆಟ್ಟಿಲಿದೆ. ಹಳೆಯ ಬಯಾಸ್‌ನಲ್ಲಿ ‘ಲ್ಯಾನ್ ಬೂಟ್ ರಾಮ್’, ಹೊಸದರಲ್ಲಿ ‘ನೆಟ್‌ವರ್ಕ್ ಸ್ಟ್ಯಾಕ್’ ಎಂಬುದನ್ನು ಮೊದಲು ಎನೇಬಲ್ ಮಾಡಿ ಎಫ್10 ಒತ್ತಿ ಸೇವ್ ಮಾಡಿ. ಮತ್ತೆ ಒಳಹೊಕ್ಕರೆ ಮಾತ್ರ ಎಷ್ಟೋ ಬೋರ್ಡ್‌ಗಳಲ್ಲಿ ಪಟ್ಟಿಯಲ್ಲಿ ನೆಟ್‌ವರ್ಕ್ ಕಾಣಿಸುತ್ತದೆ. ಅದನ್ನು ಮೇಲಕ್ಕೆ ತನ್ನಿ. ಡಿಸ್ಕ್ ಪೂರ್ತಿ ಕೆಟ್ಟಿದ್ದರೆ ಅದರ ಕೇಬಲ್ಲನ್ನೇ ಕಳಚಿಬಿಡಿ. ಸತ್ತ ಡಿಸ್ಕನ್ನು ಎಬ್ಬಿಸಲು ಹೋಗಿ ಬಯಾಸ್ ಸುಮ್ಮನೆ ಹೊತ್ತು ಕಳೆಯುತ್ತದೆ.

ಇನ್ನು ಕರೆಂಟ್ ವಿಷಯ. ಹೋದ ಕರೆಂಟ್ ಬಂದಾಗ ಎಲ್ಲ ಯಂತ್ರಗಳೂ ಒಟ್ಟಿಗೇ ಏಳಬಾರದು. ಸರ್ವರ್ ಇನ್ನೂ ಕಣ್ಣುಜ್ಜುತ್ತಿರುವಾಗ ಉಳಿದವು ಐಪಿ ವಿಳಾಸ ಕೇಳಿ ಕೇಳಿ, ‘ಪಿಎಕ್ಸ್‌ಇ-ಇ51’ ಎಂದು ತೋರಿಸಿ ಕೈಚೆಲ್ಲುತ್ತವೆ. ಸರ್ವರ್ ಮತ್ತು ಸ್ವಿಚ್ ಎರಡನ್ನೂ ಯುಪಿಎಸ್‌ಗೆ ಕೊಡಿ. ಉಳಿದವುಗಳ ಬಯಾಸ್‌ನಲ್ಲಿ ‘ಪವರ್ ಲಾಸ್’ ಆಯ್ಕೆಯನ್ನು ಆಫ್‌ನಲ್ಲಿಡಿ. ವೈಫೈ ಇದೆಯಲ್ಲ ಎನ್ನಬೇಡಿ, ಈ ಕೆಲಸಕ್ಕೆ ತಂತಿಯೇ ಬೇಕು. ಕಂಡವರ ಲ್ಯಾಪ್‌ಟಾಪನ್ನು ಲ್ಯಾಬ್‌ನ ಸ್ವಿಚ್ಚಿಗೆ ಸಿಕ್ಕಿಸಲೂ ಬಿಡಬೇಡಿ: ನೆಟ್‌ವರ್ಕ್ ಬೂಟ್‌ಗೆ ಬಳಸುವ ಇಂಟೆಲ್‌ನವರ 1999ರ ಪಿಎಕ್ಸ್‌ಇ 2.1 ಪದ್ಧತಿ ಉತ್ತರ ಕೊಟ್ಟವರ ಗುರುತು ಕೇಳುವುದಿಲ್ಲ, ಕೊಟ್ಟ ಫೈಲನ್ನು ಓಡಿಸುತ್ತದೆ.

  

ಪ್ರಶ್ನೆ: ಕಂಪ್ಯೂಟರ್ ಹಾಕಿದಾಗ ಕಪ್ಪು ಪರದೆಯಲ್ಲಿ ‘ಪಿಎಕ್ಸ್‌ಇ-ಇ61, ಚೆಕ್ ಕೇಬಲ್’ ಎಂದು ಬರುತ್ತದೆ. ವೈರಸ್ಸೇ?
– ಅಂಗಡಿಕಾರರು, ಹಳಿಯಾಳ

ಉತ್ತರ: ವೈರಸ್ ಅಲ್ಲ. ನೆಟ್‌ವರ್ಕ್‌ನಿಂದ ಬೂಟ್ ಆಗಲು ಹೋಗಿದೆ, ತಂತಿ ಸಿಕ್ಕಿಲ್ಲ. ಸ್ವಲ್ಪ ಹೊತ್ತಿಗೆ ವಿಂಡೋಸ್ ಬರುತ್ತದಾದರೆ ನೆಟ್‌ವರ್ಕನ್ನು ಪಟ್ಟಿಯ ಕೆಳಗೆ ತಳ್ಳಿ, ಮುಗಿಯಿತು. ವಿಂಡೋಸ್ ಬಾರದಿದ್ದರೆ ಅಥವಾ ಒಮ್ಮೆ ಬಂದು ಒಮ್ಮೆ ಬಾರದಿದ್ದರೆ ಡಿಸ್ಕ್ ಕೈಕೊಡುತ್ತಿರಬಹುದು, ಇಲ್ಲವೇ ಅದರ ಕೇಬಲ್ ಸಡಿಲವಾಗಿರಬಹುದು. ಆಗ ರಿಪೇರಿಗಿಂತ ಮೊದಲು ನಿಮ್ಮ ಲೆಕ್ಕಪತ್ರದ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಸಿ.

ಪ್ರಶ್ನೆ: ನೆಟ್‌ವರ್ಕ್ ಮೂಲಕವೇ ಲಿನಕ್ಸ್ ಇನ್‌ಸ್ಟಾಲ್ ಮಾಡುತ್ತೇನೆ. ಮುಗಿದು ರೀಸ್ಟಾರ್ಟ್ ಆದ ಕೂಡಲೇ ಮತ್ತೆ ಮೊದಲಿನಿಂದ ಇನ್‌ಸ್ಟಾಲ್ ಶುರು!
– ದಾಂಡೇಲಿ

ಉತ್ತರ: ನೆಟ್‌ವರ್ಕನ್ನು ಖಾಯಂ ಮೊದಲಿಗಿಟ್ಟಿದ್ದೀರಿ, ನಿಮಗೆ ಬೇಕಾದ್ದು ಒಂದೇ ಸಲ. ಡಿಸ್ಕನ್ನೇ ಮೊದಲಿಗಿಟ್ಟು, ಇನ್‌ಸ್ಟಾಲ್ ದಿನ ಮಾತ್ರ ಎಫ್12 ಒತ್ತಿ. ಎಚ್‌ಪಿಯಾದರೆ ಎಫ್9 ಮೆನು. ಡಿಸ್ಕಿನಲ್ಲಿ ಯಾರದಾದರೂ ಫೈಲು ಇದ್ದರೆ ಅದನ್ನು ತೆಗೆದಿಡುವ ತನಕ ಆ ಯಂತ್ರದ ನೆಟ್‌ವರ್ಕ್ ಕೇಬಲ್ ಕಿತ್ತಿಟ್ಟಿರಿ.