ಸುನಾಮಿಗೆ ಮುನ್ನ ಸಿಗುವ ಸಮಯ

ಕಡಲ ತಳದ ನೆಲವು ಭೂಕಂಪದಿಂದ ಥಟ್ಟನೆ ಮೇಲೆದ್ದರೆ, ಅದರ ಮೇಲಿರುವ ನೀರೂ ಅದರೊಡನೆ ಏಳುತ್ತದೆ. ಹಾಗೆ ಎದ್ದ ನೀರು ಸಮಮಟ್ಟಕ್ಕೆ ಬರಲು ಯತ್ನಿಸುವಾಗ ಹುಟ್ಟುವ ಅಲೆಯೇ ಸುನಾಮಿ. ಇದರ ಒಂದು ಶಿಖರಕ್ಕೂ ಮುಂದಿನ ಶಿಖರಕ್ಕೂ ನೂರಾರು ಕಿಲೋಮೀಟರು ಅಂತರವಿರಬಹುದು; ಅದಕ್ಕೆ ಹೋಲಿಸಿದರೆ ಮಹಾಸಾಗರವೂ ಆಳವಿಲ್ಲದ ಕೊಳವೇ ಸರಿ. ಇಂಥ ಅಲೆಯ ವೇಗವು ನೀರಿನ ಆಳವನ್ನು ಅವಲಂಬಿಸಿದೆ. ಆಳವನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸಿ ವರ್ಗಮೂಲ ತೆಗೆದರೆ ವೇಗ ದೊರೆಯುತ್ತದೆ. 3,000 ಮೀಟರು ಆಳದಲ್ಲಿ ಅದು ಗಂಟೆಗೆ 600 ಕಿಲೋಮೀಟರಿಗೂ ಹೆಚ್ಚು.

ಈ ವೇಗ ದಿಗಿಲು ಹುಟ್ಟಿಸುವಂಥದೇ. ಆದರೆ ಭೂಕಂಪದ ಕಂಪನಗಳು ಬಂಡೆಯ ಮೂಲಕ ಸೆಕೆಂಡಿಗೆ ಹಲವು ಕಿಲೋಮೀಟರು ಸಾಗುತ್ತವೆ. ಆದುದರಿಂದ ನೀರಿಗಿಂತ ಬಹಳ ಮುಂಚೆ ಅದರ ಸುದ್ದಿ ಬಂದಿರುತ್ತದೆ. 2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ಭೂಮಿ ಕಂಪಿಸಿದುದು ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ ಆರೂವರೆಯ ಹೊತ್ತಿಗೆ. ತಮಿಳುನಾಡಿನ ತೀರವನ್ನು ಅಲೆ ಮುಟ್ಟಿದುದು ಒಂಬತ್ತರ ಸುಮಾರಿಗೆ. ನಡುವೆ ಸುಮಾರು 150 ನಿಮಿಷಗಳಿದ್ದವು. ಕಂಪನಮಾಪಕಗಳು ಸುದ್ದಿಯನ್ನು ಬರೆದುಕೊಂಡಿದ್ದವು, ಆದರೆ ಅದನ್ನು ದಂಡೆಗೆ ಮುಟ್ಟಿಸುವ ಏರ್ಪಾಟು ಇರಲಿಲ್ಲ. ನಾಗಪಟ್ಟಿಣಂ ಜಿಲ್ಲೆಯೊಂದರಲ್ಲಿಯೇ 6,000ಕ್ಕೂ ಹೆಚ್ಚು ಜನ ಸತ್ತರು.

2007ರಿಂದ ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರದಲ್ಲಿ ಹಗಲಿರುಳೂ ಎಚ್ಚರಿಕೆಯ ಕೆಲಸ ನಡೆಯುತ್ತಿದೆ. ದೊಡ್ಡ ಭೂಕಂಪವಾದ ಹತ್ತು ನಿಮಿಷಗಳ ಆಸುಪಾಸಿನಲ್ಲಿ ಅಲ್ಲಿಂದ ಮೊದಲ ಸೂಚನೆ ಹೊರಡುತ್ತದೆ. ಆದರೆ ಅಲೆ ನಿಜವಾಗಿ ಹುಟ್ಟಿತೇ ಎಂಬುದನ್ನು ಕಡಲ ತಳದ ಒತ್ತಡಮಾಪಕಗಳೇ ಹೇಳಬೇಕು. 2012ರ ಏಪ್ರಿಲ್ 11ರಂದು ಅದೇ ಸುಮಾತ್ರದ ಬಳಿ 8.6 ಪರಿಮಾಣದ ಕಂಪನವಾದರೂ ದೊಡ್ಡ ಸುನಾಮಿ ಏಳಲಿಲ್ಲ. ಅಲ್ಲಿ ನೆಲ ಬಹುಮಟ್ಟಿಗೆ ಪಕ್ಕಕ್ಕೆ ಜರುಗಿತ್ತು, ನೀರನ್ನು ಎತ್ತಿರಲಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ಇದು ಕಲ್ಪಿತವಾದರೂ ಜಿಲ್ಲಾಧಿಕಾರಿಯ ಮೇಜಿನ ಮೇಲಿರಬೇಕಾದ ಲೆಕ್ಕ. ಆ 150 ನಿಮಿಷಗಳಲ್ಲಿ ಖಚಿತಪಡಿಸಿಕೊಳ್ಳಲು 60 ಹೋದವೆನ್ನಿ. ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ಹಳ್ಳಿಗೆ ಮಾತು ಇಳಿಯಲು 30. ಮುದುಕಿಯೊಬ್ಬಳು ಸೆಕೆಂಡಿಗೆ ಒಂದು ಮೀಟರಿನಂತೆ ಒಂದೂವರೆ ಕಿಲೋಮೀಟರು ನಡೆಯಲು 25. ಉಳಿದುದು 35. ರಾತ್ರಿ ಎರಡು ಗಂಟೆಗೆ ಆಶ್ರಯ ಕಟ್ಟಡದ ಬೀಗದ ಕೈ ಯಾರ ಬಳಿ ಇದೆಯೆಂದು ಹುಡುಕುವುದರಲ್ಲಿ ಈ 35 ನಿಮಿಷಗಳು ಸುಲಭವಾಗಿ ಕರಗಿಹೋಗುತ್ತವೆ. ಬೀರುವಿನಲ್ಲಿಟ್ಟ ಯೋಜನೆಯಲ್ಲಿ ಇಂಥ ಬೀಗದ ಕೈ ಕಾಣುವುದೇ ಇಲ್ಲ. ಅಣಕು ಕಾರ್ಯಾಚರಣೆ ನಡೆಸಿದಾಗ ಮಾತ್ರ ಕಾಣುತ್ತದೆ.

ಒಡಿಶಾದ ವೆಂಕಟರಾಯಪುರ ಮತ್ತು ನೋಲಿಯಾಸಾಹಿ ಎಂಬ ಎರಡು ಹಳ್ಳಿಗಳಿಗೆ 2020ರಲ್ಲಿ ಯುನೆಸ್ಕೋ ಸಂಸ್ಥೆಯ ಸಾಗರ ಆಯೋಗವು ‘ಸುನಾಮಿಗೆ ಸಿದ್ಧ’ ಎಂಬ ಮನ್ನಣೆ ನೀಡಿತು. ಹಿಂದೂ ಮಹಾಸಾಗರದ ದೇಶಗಳಲ್ಲಿ ಇದು ಮೊದಲನೆಯದು. ಈ ಮನ್ನಣೆಗೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ. ಮುಳುಗಬಹುದಾದ ಪ್ರದೇಶದ ನಕ್ಷೆ, ಎಲ್ಲರಿಗೂ ಕಾಣುವ ದಾರಿಫಲಕ, ಯಾವ ಹೊತ್ತಿನಲ್ಲಿಯೂ ಎಚ್ಚರಿಕೆಯನ್ನು ಪಡೆದು ಊರಿಗೆ ಸಾರುವ ಏರ್ಪಾಟು, ಕಾಲಕಾಲಕ್ಕೆ ಅಭ್ಯಾಸ, ಇಂಥವೇ ಬೇಕಾದುವು. ಬೆಸ್ತರು ತಿಳಿದಿರಬೇಕಾದ ಸಂಗತಿ ಮತ್ತೊಂದಿದೆ. ಆಳಸಮುದ್ರದಲ್ಲಿ ಸುನಾಮಿಯ ಎತ್ತರ ಅತ್ಯಲ್ಪ. 2004ರಲ್ಲಿ ಉಪಗ್ರಹವೊಂದು ಬಂಗಾಳ ಕೊಲ್ಲಿಯಲ್ಲಿ ಅಳೆದುದು ಸುಮಾರು 60 ಸೆಂಟಿಮೀಟರು. ಆದುದರಿಂದ ಆಳದಲ್ಲಿರುವ ದೋಣಿ ಅಲ್ಲಿಯೇ ನಿಲ್ಲುವುದು ಕ್ಷೇಮ, ದಡಕ್ಕೆ ಧಾವಿಸುವುದು ಅಪಾಯ.

ಕಂಪನದ ನೆರೆಯಲ್ಲಿಯೇ ಇರುವ ದ್ವೀಪಗಳಿಗೆ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಸಿಗುವುದು ಕೆಲವೇ ನಿಮಿಷ. ನೆಲದ ನಡುಕವೇ ಎಚ್ಚರಿಕೆ. ಸುಮಾತ್ರದ ಪಕ್ಕದ ಸಿಮೆಲೂ ದ್ವೀಪದಲ್ಲಿ 1907ರ ಸುನಾಮಿಯ ನೆನಪನ್ನು ಅಜ್ಜಂದಿರು ‘ಸ್ಮೋಂಗ್’ ಎಂಬ ಒಂದು ಪದದಲ್ಲಿ ಮೊಮ್ಮಕ್ಕಳಿಗೆ ದಾಟಿಸುತ್ತ ಬಂದಿದ್ದರು. 2004ರಲ್ಲಿ ನೆಲ ನಡುಗಿದೊಡನೆ ಜನ ಆ ಪದವನ್ನು ಕೂಗುತ್ತ ಗುಡ್ಡ ಹತ್ತಿದರು. 70,000ಕ್ಕೂ ಮಿಕ್ಕ ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ.