ನಾಲ್ಕು ತಂತಿಯ ನರ್ತನಪಾಠ

ಉಕುಲೆಲೆಯನ್ನು ನಮ್ಮಲ್ಲಿ ಅನೇಕರು ಹಾಡಿಗೆ ಜೊತೆಯಾಗಿ ಮೀಟುವ ಆಟಿಕೆಯೆಂದೇ ಬಗೆದಿದ್ದಾರೆ. ನಾನೂ ಹಾಗೆಯೇ ಬಗೆದಿದ್ದೆ. ಯೂರೋಪಿನ ಹಳೆಯ ನೃತ್ಯಗತಿಗಳನ್ನು ಅದರಲ್ಲಿ ನುಡಿಸಲು ಕಲಿಯುತ್ತ ಕಳೆದ ಎರಡು ವರ್ಷಗಳು ಆ ಎಣಿಕೆಯನ್ನು ತಿದ್ದಿದವು. ಆಗ ಕಂಡುಕೊಂಡ ಒಂದೆರಡು ಸಂಗತಿಗಳನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ವಾದ್ಯದ ವಿಚಾರ. 1879ರಲ್ಲಿ ಪೋರ್ಚುಗಲ್ಲಿಗೆ ಸೇರಿದ ಮದೀರ ದ್ವೀಪದಿಂದ ಕೂಲಿಗೆಂದು ಹಡಗಿನಲ್ಲಿ ಹವಾಯಿಗೆ ಬಂದವರ ಪೈಕಿ ಮರಗೆಲಸ ಬಲ್ಲವರೂ ಇದ್ದರು. ಅವರು ತಮ್ಮ ನಾಡಿನ ಪುಟ್ಟ ತಂತಿವಾದ್ಯದ ಮಾದರಿಯಲ್ಲಿ ಮಾಡಿದ್ದೇ ಉಕುಲೆಲೆ. ಇದಕ್ಕೆ ನಾಲ್ಕೇ ತಂತಿ. ಅದರಲ್ಲೂ ನಾಲ್ಕನೆಯ ತಂತಿ ಮಂದ್ರದ್ದಲ್ಲ. ಒಂದನೆಯದಕ್ಕಿಂತ ಒಂದೇ ಸ್ವರದಷ್ಟು ತಗ್ಗು.

ಕುಂದೆಂದು ತೋರುವ ಈ ಏರ್ಪಾಡೇ ನೃತ್ಯಗತಿಗಳಿಗೆ ವರವಾಗಿದೆ. ನಾಲ್ಕನೆಯ ತಂತಿಯನ್ನು ಬೆರಳಿಡದೆ ಮೀಟಿದರೆ ಷಡ್ಜವೆಂದು ಇಟ್ಟುಕೊಳ್ಳಿ. ಒಂದನೆಯದನ್ನು ಹಾಗೆಯೇ ಮೀಟಿದರೆ ರಿಷಭ. ಮತ್ತೆ ನಾಲ್ಕನೆಯದರ ನಾಲ್ಕನೆಯ ಮೆಟ್ಟಿನಲ್ಲಿ ಗಾಂಧಾರ, ಒಂದನೆಯದರ ಮೂರನೆಯ ಮೆಟ್ಟಿನಲ್ಲಿ ಮಧ್ಯಮ. ಒಂದು ಸ್ವರ ಆರುವ ಮೊದಲೇ ಪಕ್ಕದ ಸ್ವರ ಬೇರೊಂದು ತಂತಿಯಲ್ಲಿ ಹುಟ್ಟುವುದರಿಂದ ಎರಡೂ ಕೂಡಿ ಅನುರಣಿಸುತ್ತವೆ. ಇದಕ್ಕೆ ಚಿಕ್ಕ ಗಂಟೆ ಎಂಬರ್ಥದ ಕಾಂಪನೆಲ್ಲ ಎಂದು ಹೆಸರು. ಸ್ಪೇನಿನ ಗಾಸ್ಪರ್ ಸಾನ್ಸ್ 1674ರಲ್ಲಿ ಪ್ರಕಟಿಸಿದ ಗಿಟಾರ್ ಬೋಧಿನಿಯಲ್ಲಿ ಈ ಕ್ರಮ ಕಾಣುತ್ತದೆ. ನಮ್ಮ ಕಾಲದಲ್ಲಿ ಅಮೆರಿಕದ ಜಾನ್ ಕಿಂಗ್ (1953–2009) ಇದೇ ಕ್ರಮದಿಂದ ಬಾಖನ ಪಿಟೀಲು ಕೃತಿಗಳನ್ನೇ ಉಕುಲೆಲೆಯಲ್ಲಿ ನುಡಿಸಿದರು.

ನಾನು ಆರಿಸಿಕೊಂಡದ್ದು ಸಾನ್ಸನ ಕನಾರಿಯೋಸ್. ಕನೇರಿ ದ್ವೀಪಗಳ ಹೆಸರು ಹೊತ್ತ ಈ ಕುಣಿತದಲ್ಲಿ ಹಿಮ್ಮಡಿ, ತುದಿಗಾಲುಗಳಿಂದ ನೆಲ ತಟ್ಟುತ್ತಿದ್ದರು. ಅದರ ಬೆಡಗಿರುವುದು ಲೆಕ್ಕದಲ್ಲಿ. ಆರು ಎಣಿಕೆಗಳು ಒಮ್ಮೆ ‘ತಕಿಟ ತಕಿಟ’ ಎಂದು ಎರಡಾಗಿ ನಡೆದರೆ, ಮರುಕ್ಷಣವೇ ‘ತಕ ತಕ ತಕ’ ಎಂದು ಮೂರಾಗಿ ನಡೆಯುತ್ತವೆ. ಕಾಲ ಒಂದೇ, ನಡೆ ಎರಡು.

ಇದನ್ನು ಕಾಗದದ ಮೇಲೆ ಬಲ್ಲೆನೆಂಬ ಧೈರ್ಯದಿಂದ ಕಳೆದ ವರ್ಷ ಹಾಸ್ಟೆಲಿನ ಸಮಾರಂಭದಲ್ಲಿ ವೇಗವಾಗಿ ನುಡಿಸಹೊರಟೆ. ಸಭಿಕರು ಚಪ್ಪಾಳೆಯಿಂದ ತಾಳ ಹಾಕಿದರು. ನಡೆ ಬದಲಾದೊಡನೆ ನನ್ನ ಕೈ ಅವರ ಕೈಯಿಂದ ತಪ್ಪಿತು. ಅರ್ಧಕ್ಕೇ ನಿಲ್ಲಿಸಿ ಕೆಳಗಿಳಿದೆ.

ರಜೆಯಲ್ಲಿ ಊರಿಗೆ ಹೋದಾಗಲೂ ಜಗುಲಿಯಲ್ಲಿ ಕುಳಿತು ಅದನ್ನೇ ಬಾರಿಸುತ್ತಿದ್ದೆ. ಓದು ಪದವಿಯವರೆಗೆ ಬಂದದ್ದು ನಮ್ಮ ಮನೆಯಲ್ಲಿ ನನ್ನಿಂದಲೇ ಮೊದಲು. ಅವ್ವನಿಗೆ ಅಕ್ಷರ ಬಾರದು. ಅವಳು ಮೊದಲು ಕೇಳಿದ್ದು, “ಇದೂ ಪರೀಕ್ಷೆಗೈತಾ?” ಎಂದು. ಅಲ್ಲವೆಂದೆ. ಅವರೆಕಾಯಿ ಸುಲಿಯುತ್ತ ಸ್ವಲ್ಪ ಹೊತ್ತು ಕೇಳಿ ಹೇಳಿದಳು: “ಕಾಲು ಎತ್ತೋಕೆ ಜಾಗಾನೇ ಇಲ್ವಲ್ಲ ಮಗಾ.”

ಪ್ರಾಯದಲ್ಲಿ ಊರ ಕೋಲಾಟದಲ್ಲಿ ಮುಂದಾಳಾಗಿದ್ದವಳು ಅವಳು. ಕಾಯಿಯ ಮೊರವನ್ನು ಸರಿಸಿ, ಅಂಗಳದಲ್ಲಿ ನಿಂತು ನನ್ನನ್ನು ನಿಧಾನವಾಗಿ ನುಡಿಸಹೇಳಿದಳು. ಎರಡರ ನಡೆಗೆ ಎರಡು ಹೆಜ್ಜೆ, ಮೂರರ ನಡೆಗೆ ಮೂರು ಹೆಜ್ಜೆ ಹಾಕಿದಳು. ಎಲ್ಲಿ ನಾನು ಅವಸರಿಸಿದೆನೋ ಅಲ್ಲಿ ಅವಳ ಕಾಲು ಗಾಳಿಯಲ್ಲೇ ನಿಂತಿತು. ನನ್ನ ತಪ್ಪು ಕಣ್ಣಿಗೆ ಕಂಡದ್ದು ಆಗ. ಸ್ವರಗಳನ್ನು ಮಾತ್ರ ಎಣಿಸಿದ್ದೆ. ಹೆಜ್ಜೆಯೆತ್ತಿ ಇಡಲು ಬೇಕಾದ ಹೊತ್ತನ್ನು ಎಣಿಸಿರಲಿಲ್ಲ.

ಆದುದರಿಂದ ಹೊಸ ಅಭ್ಯಾಸಿಗಳಿಗೆ ನನ್ನ ಸೂಚನೆ ಇಷ್ಟೆ. ಮೊದಲು ವಾದ್ಯವನ್ನು ಕೆಳಗಿಟ್ಟು ಬಾಯಲ್ಲಿ ಜತಿ ಹೇಳುತ್ತ ನಡೆಯಬೇಕು. ಬಳಿಕ ಬಲಗೈಯಿಂದ ಮಾತ್ರ ಮೀಟಬೇಕು. ಎಡಗೈ ಬೆರಳುಗಳು ಕೊನೆಗೆ. ವೇಗವನ್ನು ನಾವು ತರಬೇಕಾಗಿಲ್ಲ, ಅದು ತಾನಾಗಿ ಬರುತ್ತದೆ. ಈಗ ನಾನು ಮಿನುಯೆಟ್ಟಿನ ಅಭ್ಯಾಸದಲ್ಲಿದ್ದೇನೆ. ಅದರ ಒಂದು ಹೆಜ್ಜೆವರಿಸೆಗೆ ಆರು ಎಣಿಕೆ. ಮುಂದಿನ ರಜೆಗೆ ಅವ್ವನ ಮುಂದೆ ಅದನ್ನು ಒಪ್ಪಿಸಬೇಕಾಗಿದೆ.